ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈಫೈ ಬರುತ್ತಿಲ್ಲವೇ? ಮೊದಲು ಕಾರ್ಡಿನ ನಂಬರು ನೋಡಿ

ಹಳೆಯ ಲ್ಯಾಪ್‌ಟಾಪಿಗೆ ಉಬುಂಟುವನ್ನೋ ಮಿಂಟನ್ನೋ ಹಾಕಿದ್ದಾಯಿತು. ಪರದೆ, ಸದ್ದು, ಟಚ್‌ಪ್ಯಾಡ್ ಎಲ್ಲ ಸರಿ. ಮೂಲೆಯಲ್ಲಿ ವೈಫೈ ಗುರುತು ಮಾತ್ರ ಇಲ್ಲ. ಆಗ ಹೆಚ್ಚಿನವರು ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಕೊಟ್ಟು ಹುಡುಕಿ, ಸಿಕ್ಕಿದ ಕಮಾಂಡುಗಳನ್ನೆಲ್ಲ ಒಂದರ ಹಿಂದೊಂದು ಹೊಡೆಯುತ್ತಾ ಹೋಗುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೂರು ಡ್ರೈವರ್‌ಗಳು (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಒಂದಕ್ಕೊಂದು ಅಡ್ಡ ನಿಂತಿರುತ್ತವೆ, ಮೊದಲಿದ್ದ ತೊಂದರೆ ಯಾವುದು ಅನ್ನುವುದೇ ಮರೆತುಹೋಗಿರುತ್ತದೆ.

ಮಾಡೆಲ್ ಹೆಸರನ್ನು ನಂಬಬಾರದು. ಒಂದೇ ಹೆಸರಿನ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಇಂಟೆಲ್, ಕೆಲವಕ್ಕೆ ರಿಯಲ್‌ಟೆಕ್, ಇನ್ನು ಕೆಲವಕ್ಕೆ ಬ್ರಾಡ್‌ಕಾಮ್ ಕಾರ್ಡ್ ಹಾಕಿ ಮಾರಿರುತ್ತಾರೆ. ನಿಮ್ಮ ಯಂತ್ರದೊಳಗೆ ಯಾವುದಿದೆ ಎಂದು ಯಂತ್ರವನ್ನೇ ಕೇಳಬೇಕು. ಅದು ಒಂದು ನಿಮಿಷದ ಕೆಲಸ.

ಶುರುಮಾಡುವ ಮೊದಲು ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ (ಕಮಾಂಡು ಟೈಪ್ ಮಾಡುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಇಲ್ಲಿ ಜಾಗ ಬಿಟ್ಟ ಕಡೆ ಮಾತ್ರ ಅಲ್ಲೂ ಜಾಗ ಬಿಡಿ.

ಇಂಟರ್‌ನೆಟ್ ಇಲ್ಲದೆ ಇಂಟರ್‌ನೆಟ್ ಸರಿಮಾಡುವುದು

ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಈ ಸಿಕ್ಕಿನಿಂದ ಹೊರಬರಲು ಸುಲಭದ ದಾರಿ ನಿಮ್ಮ ಮೊಬೈಲ್. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲ್ಯಾಪ್‌ಟಾಪಿಗೆ ಅದು ತಂತಿಯ ನೆಟ್‌ವರ್ಕ್‌ನಂತೆ ಕಾಣುತ್ತದೆ, ಬೇರೆ ಡ್ರೈವರ್ ಬೇಡ. ಫೋನ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಅದನ್ನೇ ಕೇಬಲ್ ಮೂಲಕ ದಾಟಿಸುತ್ತದೆ, ಆದ್ದರಿಂದ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಟೆದರಿಂಗ್ ಬಟನ್ ಮಸುಕಾಗಿ ಒತ್ತಲು ಬರದಿದ್ದರೆ ಕೇಬಲ್ ಬದಲಿಸಿ ನೋಡಿ. ಬರೀ ಚಾರ್ಜಿಂಗ್‌ಗೆಂದು ಬರುವ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ.

ಲಿನಕ್ಸ್ ಮಿಂಟ್ ಬಳಸುವವರಿಗೆ ಇನ್ನೊಂದು ಅನುಕೂಲವಿದೆ. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಚುಚ್ಚಿ ಡ್ರೈವರ್ ಮ್ಯಾನೇಜರ್ ತೆರೆದರೆ, ನೆಟ್ ಇಲ್ಲದಿದ್ದರೂ ಅದರೊಳಗಿನ ಪ್ಯಾಕೇಜುಗಳಿಂದಲೇ ಡ್ರೈವರ್ ಹಾಕಿಕೊಳ್ಳಬಹುದು.

ಕಾರ್ಡ್ ಯಾವುದು?

ಟರ್ಮಿನಲ್ ತೆರೆದು ಇದನ್ನು ಹೊಡೆಯಿರಿ:

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿರುವ ಸಾಲು ಹುಡುಕಿ. ‘ಈಥರ್‌ನೆಟ್ ಕಂಟ್ರೋಲರ್’ ಎಂದಿರುವುದು ತಂತಿಯದು, ಅದನ್ನು ಬಿಡಿ. ಸಾಲಿನ ಕೊನೆಯಲ್ಲಿ ಚೌಕ ಆವರಣದೊಳಗೆ ನಡುವೆ ಕೋಲನ್ ಇಟ್ಟು ಎರಡು ಗುಂಪು ಇರುತ್ತವೆ, ಉದಾಹರಣೆಗೆ 14ಇ4:4365. ಮೊದಲ ನಾಲ್ಕು ಅಕ್ಷರ ಚಿಪ್ ಮಾಡಿದವರನ್ನು ಹೇಳುತ್ತದೆ: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಕ್ವಾಲ್‌ಕಾಮ್ ಎಥೆರೋಸ್, 14ಸಿ3 ಮೀಡಿಯಾಟೆಕ್. ಮುಂದಿನ ನಾಲ್ಕು ಅಕ್ಷರ ಯಾವ ಚಿಪ್ ಎಂಬುದನ್ನು ಹೇಳುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾರ ಹತ್ತಿರ ಸಹಾಯ ಕೇಳಿದರೂ ಈ ಎಂಟು ಅಕ್ಷರ ಹೇಳಿದರೆ ಸಾಕು.

ಅದರ ಕೆಳಗೇ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದೆಯೇ ನೋಡಿ (ಕರ್ನಲ್ ಅಂದರೆ ಲಿನಕ್ಸಿನ ತಿರುಳು). ಇದ್ದರೆ ಡ್ರೈವರ್ ಕಾರ್ಡನ್ನು ಹಿಡಿದುಕೊಂಡಿದೆ, ತೊಂದರೆ ಬೇರೆ ಕಡೆ ಇದೆ. ಇಲ್ಲದಿದ್ದರೆ ಡ್ರೈವರ್‌ದೇ ಸಮಸ್ಯೆ. ‘ಕರ್ನಲ್ ಮಾಡ್ಯೂಲ್ಸ್’ ಸಾಲು ಮಾತ್ರ ಇದ್ದು ಮೇಲಿನ ಸಾಲು ಇಲ್ಲದಿದ್ದರೆ, ಡ್ರೈವರ್ ಡಿಸ್ಕ್‌ನಲ್ಲಿದೆ, ಕಾರ್ಡಿಗೆ ಅಂಟಿಕೊಂಡಿಲ್ಲ.

ಪಟ್ಟಿಯಲ್ಲಿ ವೈಫೈ ಕಾರ್ಡೇ ಇಲ್ಲದಿದ್ದರೆ ಯಾವ ಡ್ರೈವರ್ ಹಾಕಿಯೂ ಪ್ರಯೋಜನವಿಲ್ಲ. ಬಯೋಸ್‌ನಲ್ಲಿ (ಯಂತ್ರ ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡುವ ಸಾಫ್ಟ್‌ವೇರ್) ವೈರ್‌ಲೆಸ್ ಆಫ್ ಆಗಿರಬಹುದು, ಕಾರ್ಡ್ ಸ್ಲಾಟಿನಲ್ಲಿ ಸಡಿಲಾಗಿರಬಹುದು, ಸತ್ತೇ ಹೋಗಿರಬಹುದು.

ಬೀಗ ಬಿದ್ದಿದೆಯೇ?

ಡ್ರೈವರ್ ವಿಚಾರಕ್ಕೆ ಹೋಗುವ ಮೊದಲು ಇದೊಂದು ನೋಡಿಬಿಡಿ:

ಆರ್‌ಎಫ್‌ಕಿಲ್ ಲಿಸ್ಟ್

‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದು ಬಂದರೆ ಸಾಫ್ಟ್‌ವೇರ್ ಹಾಕಿದ ಬೀಗ. ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ತೆರೆಯುತ್ತದೆ. ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದು ಬಂದರೆ ಕಮಾಂಡಿಗೆ ಬಗ್ಗುವುದಿಲ್ಲ. ಲ್ಯಾಪ್‌ಟಾಪಿನ ಅಂಚಿನಲ್ಲಿ ಸಣ್ಣ ಜಾರುವ ಸ್ವಿಚ್ ಇದೆಯೇ, ಎಫ್ಎನ್ ಜೊತೆ ಒತ್ತುವ ಆಂಟೆನಾ ಚಿತ್ರದ ಕೀ ಇದೆಯೇ ನೋಡಿ.

ಕೆಲವು ಲೆನೊವೊ ಐಡಿಯಾಪ್ಯಾಡ್‌ಗಳಲ್ಲಿ ಸ್ವಿಚ್ಚೇ ಇರುವುದಿಲ್ಲ, ಆದರೂ ಹಾರ್ಡ್ ಬ್ಲಾಕ್ ತೋರಿಸುತ್ತದೆ. ಇಲ್ಲದ ಸ್ವಿಚ್ಚನ್ನು ಇದೆಯೆಂದು ಭಾವಿಸುವುದು ‘ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಎಂಬ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಣುಕು. ಪರೀಕ್ಷೆಗೆ ಅದನ್ನು ಕಳಚಿ ನೋಡಿ (‘ಸುಡೊ’ ಅಂದರೆ ಯಂತ್ರದ ಯಜಮಾನನ ಅಧಿಕಾರದಲ್ಲಿ ಎಂದರ್ಥ):

ಸುಡೊ ಮಾಡ್‌ಪ್ರೋಬ್ -ಆರ್ ಐಡಿಯಾಪ್ಯಾಡ್_ಲ್ಯಾಪ್‌ಟಾಪ್

ತಕ್ಷಣ ವೈಫೈ ಪಟ್ಟಿ ಬಂದರೆ ಅಪರಾಧಿ ಸಿಕ್ಕಿದ ಹಾಗೆ. ಮತ್ತೆ ಬೂಟ್ ಆದಾಗ ಮರಳಿ ಬರದಂತೆ, ಇಟಿಸಿ ಎಂಬ ಸೆಟ್ಟಿಂಗ್‌ಗಳ ಫೋಲ್ಡರ್ ಒಳಗಿನ ‘ಮಾಡ್‌ಪ್ರೋಬ್.ಡಿ’ ಫೋಲ್ಡರಿನಲ್ಲಿ ‘.ಕಾನ್ಫ್’ ಎಂದು ಕೊನೆಯಾಗುವ ಒಂದು ಫೈಲ್ ಮಾಡಿ, ‘ಬ್ಲಾಕ್‌ಲಿಸ್ಟ್ ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಎಂಬ ಒಂದು ಸಾಲು ಬರೆಯಿರಿ. ಕೆಲವು ಎಫ್ಎನ್ ಕೀಗಳು ಕೆಲಸ ನಿಲ್ಲಿಸಬಹುದು, ಅದು ಇದರ ಬೆಲೆ.

ವಿಂಡೋಸ್ ಕೂಡ ಅದೇ ಯಂತ್ರದಲ್ಲಿದ್ದರೆ ಅಲ್ಲಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದಾಗ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದೇ ಇಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಕಾರ್ಡ್ ಅದೇ ಅರೆಬರೆ ಸ್ಥಿತಿಯಲ್ಲಿ ಲಿನಕ್ಸ್ ಕೈಗೆ ಸಿಗುತ್ತದೆ. ವಿಂಡೋಸ್‌ನಿಂದ ನೇರ ಲಿನಕ್ಸಿಗೆ ಬಂದಾಗ ಮಾತ್ರ ವೈಫೈ ಇರುವುದಿಲ್ಲ, ಬೇರೆ ದಿನ ಇರುತ್ತದೆ ಎಂದಾದರೆ ಇದನ್ನೇ ಮೊದಲು ಅನುಮಾನಿಸಿ.

ಇಂಟೆಲ್, ಎಥೆರೋಸ್: ಹೆಚ್ಚು ತಲೆನೋವಿಲ್ಲ

ಇಂಟೆಲ್ ಕಾರ್ಡುಗಳ ಡ್ರೈವರ್ ಕರ್ನಲ್ ಒಳಗೇ ಇದೆ, ಹೆಸರು ‘ಐಡಬ್ಲ್ಯುಎಲ್‌ವೈಫೈ’. ಕೈಕೊಟ್ಟರೆ ಸಾಮಾನ್ಯವಾಗಿ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ಸಾಫ್ಟ್‌ವೇರ್) ಫೈಲ್ ಇಲ್ಲದೆ ಕೈಕೊಡುತ್ತದೆ, ಅಥವಾ ಹೊಸ ಕಾರ್ಡಿಗೆ ಹಳೆಯ ಕರ್ನಲ್ ಸಾಲದೆ. ಎಎಕ್ಸ್200ಕ್ಕೆ ಕನಿಷ್ಠ 5.1, ಎಎಕ್ಸ್210ಕ್ಕೆ 5.10 ಕರ್ನಲ್ ಬೇಕು. ‘ಯುನೇಮ್ -ಆರ್’ ಹೊಡೆದರೆ ನಿಮ್ಮದು ಎಷ್ಟು ಎಂದು ತಿಳಿಯುತ್ತದೆ.

ಫರ್ಮ್‌ವೇರ್ ಸಂಗತಿ ತಿಳಿಯಲು:

ಸುಡೊ ಡಿಎಂಇಎಸ್‌ಜಿ | ಗ್ರೆಪ್ -ಐ ಐಡಬ್ಲ್ಯುಎಲ್‌ವೈಫೈ

ಇಲ್ಲಿ ಕೆಂಪು ಅಕ್ಷರ ನೋಡಿ ಹೆದರುವವರು ಬಹಳ. ಡ್ರೈವರ್ ಮೊದಲು ತನಗೆ ಗೊತ್ತಿರುವ ಅತಿ ಹೊಸ ಫರ್ಮ್‌ವೇರ್ ಆವೃತ್ತಿ ಕೇಳುತ್ತದೆ. ಸಿಗದಿದ್ದರೆ ‘ಫೇಲ್ಡ್ ವಿತ್ ಎರರ್ -2’ ಎಂದು ಬರೆದು ಒಂದು ಮೆಟ್ಟಿಲು ಕೆಳಗಿನದನ್ನು ಕೇಳುತ್ತದೆ. -2 ಅಂದರೆ ಫೈಲ್ ಇಲ್ಲ, ಅಷ್ಟೇ ಅರ್ಥ. ಇಳಿಯುತ್ತಾ ಇಳಿಯುತ್ತಾ ಒಂದು ಸಿಕ್ಕಿಬಿಟ್ಟರೆ ಮೇಲಿನ ದೂರುಗಳೆಲ್ಲ ಲೆಕ್ಕಕ್ಕಿಲ್ಲ. ಕೊನೆಗೆ ‘ನೋ ಸೂಟಬಲ್ ಫರ್ಮ್‌ವೇರ್ ಫೌಂಡ್’ ಎಂದು ಕೈಚೆಲ್ಲಿದರೆ ಮಾತ್ರ ನಿಜವಾದ ತೊಂದರೆ. ‘ಡಿಬಗ್-ಯೋಯೋ’ ಎಂಬ ಹೆಸರಿನ ಫೈಲ್ ಇಲ್ಲ ಎಂಬ ದೂರು ಬಂದರೆ ಅದನ್ನು ಓದಿ ಮರೆತುಬಿಡಿ. ಅದು ಡ್ರೈವರ್ ಬರೆಯುವವರಿಗೆ ಬೇಕಾದ ಫೈಲ್.

ಉಬುಂಟುವಿನಲ್ಲಿ ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಸಾಕು. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ’ ಹಾಕಬೇಕು. 2023ರಲ್ಲಿ ಬಂದ ಡೆಬಿಯನ್ 12ರಿಂದ ಈಚೆಗೆ ಇನ್‌ಸ್ಟಾಲ್ ಮಾಡುವ ಐಎಸ್‌ಒ ಒಳಗೇ ಫರ್ಮ್‌ವೇರ್‌ಗಳು ಬರುತ್ತವೆ. 11ರಿಂದ ಅಪ್‌ಗ್ರೇಡ್ ಮಾಡಿಕೊಂಡವರು ಪ್ಯಾಕೇಜುಗಳು ಎಲ್ಲಿಂದ ಬರಬೇಕು ಎಂದು ಹೇಳುವ ಸೋರ್ಸಸ್ ಪಟ್ಟಿಯಲ್ಲಿ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಹೊಸ ವಿಭಾಗವನ್ನು ತಾವೇ ಸೇರಿಸಿಕೊಳ್ಳಬೇಕು.

ಎಥೆರೋಸ್‌ನ ಹಳೆಯ ಎಆರ್9485 ಥರದ ಕಾರ್ಡುಗಳು ಬಲು ಸಾಧು. ‘ಎಟಿಎಚ್9ಕೆ’ ಡ್ರೈವರ್‌ಗೆ ಫರ್ಮ್‌ವೇರ್ ಫೈಲ್ ಕೂಡ ಬೇಡ.

ಬ್ರಾಡ್‌ಕಾಮ್ ಬಿಸಿಎಂ43142: ಇಲ್ಲಿ ನಿಧಾನ ಮಾಡಿ

14ಇ4:4365 ಎಂದು ಬಂದಿತೇ? ಸುಮಾರು ಹತ್ತು ವರ್ಷ ಹಳೆಯ, ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಈ ಚಿಪ್ ಧಾರಾಳವಾಗಿ ಸಿಗುತ್ತದೆ. ಕರ್ನಲ್ ಒಳಗಿರುವ ‘ಬಿ43’ ಮತ್ತು ‘ಬಿಆರ್‌ಸಿಎಂಎಸ್‌ಮ್ಯಾಕ್’ ಎರಡೂ ಡ್ರೈವರ್‌ಗಳು ಇದನ್ನು ಮುಟ್ಟುವುದಿಲ್ಲ. ಕೆಲಸ ಮಾಡುವುದು ಬ್ರಾಡ್‌ಕಾಮ್ ಕೊಟ್ಟ ಮುಚ್ಚಿದ ಡ್ರೈವರ್ ಒಂದೇ, ಅದರ ಹೆಸರು ‘ಡಬ್ಲ್ಯುಎಲ್’. ಕಂಪನಿ ಕೊನೆಯದಾಗಿ ಬಿಟ್ಟ ಆವೃತ್ತಿ 6.30.223.271, ಅದು 2015ರದು. ಅಲ್ಲಿಂದೀಚೆಗೆ ಹೊಸ ಕರ್ನಲ್ ಬಂದಾಗಲೆಲ್ಲ ಡಿಸ್ಟ್ರೊಗಳನ್ನು (ಉಬುಂಟು, ಡೆಬಿಯನ್ ಥರದ ಲಿನಕ್ಸ್‌ಗಳನ್ನು) ನೋಡಿಕೊಳ್ಳುವವರು ತೇಪೆ ಹಾಕುತ್ತಾ ನಡೆಸಿಕೊಂಡು ಬಂದಿದ್ದಾರೆ. ತೇಪೆ ತಡವಾದರೆ ನಿಮ್ಮ ವೈಫೈ ಹೋಗುತ್ತದೆ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಈ ಡ್ರೈವರ್ ನಿಮ್ಮ ಯಂತ್ರದಲ್ಲೇ, ನಿಮ್ಮ ಕರ್ನಲ್‌ಗೆ ತಕ್ಕಂತೆ ಕಂಪೈಲ್ ಆಗುತ್ತದೆ, ಅಂದರೆ ಮೂಲ ಕೋಡಿನಿಂದ ತಯಾರಾಗುತ್ತದೆ. ಆ ಕೆಲಸ ಮಾಡುವುದು ‘ಡಿಕೆಎಂಎಸ್’. ಅದಕ್ಕೆ ಕರ್ನಲ್ ಹೆಡರ್‌ಗಳು, ಅಂದರೆ ಕರ್ನಲ್‌ನ ವಿವರ ಇರುವ ಫೈಲ್‌ಗಳು ಬೇಕು. ಹೆಡರ್ ಇಲ್ಲದೆ ಡ್ರೈವರ್ ಹಾಕಿದರೆ ಪ್ಯಾಕೇಜ್ ಸೇರಿಕೊಂಡಂತೆ ಕಾಣುತ್ತದೆ, ಮಾಡ್ಯೂಲ್ ಮಾತ್ರ ಹುಟ್ಟಿರುವುದಿಲ್ಲ. ‘ಡ್ರೈವರ್ ಹಾಕಿದೆ, ಆದರೂ ವೈಫೈ ಇಲ್ಲ’ ಎನ್ನುವ ದೂರುಗಳಲ್ಲಿ ಬಹುಪಾಲು ಇದೇ.

ಫೋನ್ ಟೆದರಿಂಗ್ ಆನ್ ಇಟ್ಟುಕೊಂಡು, ಉಬುಂಟು ಅಥವಾ ಮಿಂಟ್‌ನಲ್ಲಿ ಈ ಕ್ರಮದಲ್ಲಿ ಹೋಗಿ.

1. ಸುಡೊ ಆಪ್ಟ್ ಅಪ್‌ಡೇಟ್

2. ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-ಜೆನೆರಿಕ್ ಡಿಕೆಎಂಎಸ್

ಎಚ್‌ಡಬ್ಲ್ಯುಇ ಕರ್ನಲ್ (ಹೊಸ ಯಂತ್ರಗಳಿಗೆಂದು ಉಬುಂಟು ಕೊಡುವ ಹೊಸ ಕರ್ನಲ್) ಬಳಸುತ್ತಿದ್ದರೆ ‘ಜೆನೆರಿಕ್’ ಪ್ಯಾಕೇಜ್ ಬೇರೆ ಆವೃತ್ತಿಯ ಹೆಡರ್ ತರಬಹುದು. ‘ಯುನೇಮ್ -ಆರ್’ ಕೊಟ್ಟ ಉತ್ತರವನ್ನೇ ‘ಲಿನಕ್ಸ್-ಹೆಡರ್ಸ್-’ ಆದ ಮೇಲೆ ಜಾಗ ಬಿಡದೆ ಅಂಟಿಸಿ ಹಾಕಿದರೆ ತಪ್ಪುವ ಮಾತೇ ಇಲ್ಲ.

3. ಸುಡೊ ಆಪ್ಟ್ ಇನ್‌ಸ್ಟಾಲ್ ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್

ಪರದೆಯ ಮೇಲೆ ಓಡುವ ಸಾಲುಗಳನ್ನು ನೋಡುತ್ತಿರಿ. ‘ಬಿಲ್ಡಿಂಗ್ ಮಾಡ್ಯೂಲ್’ ಎಂದು ಬಂದು, ಆಮೇಲೆ ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರಿಗೆ ಸೇರಿಸಿದೆ ಎಂದರೆ ಗೆದ್ದ ಹಾಗೆ. ‘ಬ್ಯಾಡ್ ರಿಟರ್ನ್ ಸ್ಟೇಟಸ್’ ಎಂದು ಬಂದರೆ ಕಂಪೈಲ್ ಸೋತಿದೆ. ಕರ್ನಲ್ ಈ ಪ್ಯಾಕೇಜಿಗಿಂತ ಹೊಸದು ಎಂದರ್ಥ. ಆಗ ಇದನ್ನು ಪರ್ಜ್ ಮಾಡಿ (ಸೆಟ್ಟಿಂಗ್ ಫೈಲ್‌ಗಳ ಸಮೇತ ತೆಗೆದು) ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಹಾಕಿ ನೋಡಿ. ಒಳಗಿರುವುದು ಅದೇ ಡ್ರೈವರ್, ತೇಪೆ ಹಾಕುವ ಕೈ ಬೇರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ.

4. ಸುಡೊ ಮಾಡ್‌ಪ್ರೋಬ್ -ಆರ್ ಬಿ43 ಎಸ್‌ಎಸ್‌ಬಿ ಬಿಆರ್‌ಸಿಎಂಎಸ್‌ಮ್ಯಾಕ್ ಬಿಸಿಎಂಎ

ಕಾರ್ಡಿನ ಮೇಲೆ ಕೈಯಿಟ್ಟುಕೊಂಡು ಕೂತಿರಬಹುದಾದ ಇತರ ಮಾಡ್ಯೂಲ್‌ಗಳನ್ನು ಇದು ಎಬ್ಬಿಸುತ್ತದೆ. ‘ನಾಟ್ ಫೌಂಡ್’ ಎಂದರೆ ಚಿಂತೆಯಿಲ್ಲ.

5. ಸುಡೊ ಮಾಡ್‌ಪ್ರೋಬ್ ಡಬ್ಲ್ಯುಎಲ್

ಏನೂ ಹೇಳದೆ ಪ್ರಾಂಪ್ಟ್ ಮರಳಿ ಬಂದರೆ ಹತ್ತು ಸೆಕೆಂಡ್ ಕಾಯಿರಿ, ವೈಫೈ ಪಟ್ಟಿ ತೆರೆದುಕೊಳ್ಳುತ್ತದೆ.

ಡೆಬಿಯನ್‌ನಲ್ಲಿ ಪ್ಯಾಕೇಜಿನ ಹೆಸರು ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಒಂದೇ. ಅದು ‘ನಾನ್-ಫ್ರೀ’ ವಿಭಾಗದಲ್ಲಿದೆ, ‘ನಾನ್-ಫ್ರೀ-ಫರ್ಮ್‌ವೇರ್’ನಲ್ಲಿಲ್ಲ. ಏಕೆಂದರೆ ಇದು ಫರ್ಮ್‌ವೇರ್ ಅಲ್ಲ, ಡ್ರೈವರ್. ಎರಡನೆಯದನ್ನು ಮಾತ್ರ ಸೇರಿಸಿ ‘ಪ್ಯಾಕೇಜೇ ಸಿಗುತ್ತಿಲ್ಲ’ ಎನ್ನುವವರು ಇಲ್ಲೇ ಎಡವಿರುತ್ತಾರೆ. ಫೆಡೊರಾದಲ್ಲಿ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಪ್ಯಾಕೇಜ್ ಭಂಡಾರ ಸೇರಿಸಿ ‘ಎಕೆಮಾಡ್-ಡಬ್ಲ್ಯುಎಲ್’ ಹಾಕಬೇಕು.

ಸೆಕ್ಯೂರ್ ಬೂಟ್ ಎಂಬ ಕಾವಲುಗಾರ

ಐದನೆಯ ಹೆಜ್ಜೆಯಲ್ಲಿ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಉತ್ತರ ಬಂದರೆ ಡ್ರೈವರ್ ಸರಿಯಾಗಿಯೇ ಇದೆ, ಬಾಗಿಲಲ್ಲಿ ತಡೆದಿದ್ದಾರೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಪರಿಚಯದ ಸಹಿ ಇಲ್ಲದ ಮಾಡ್ಯೂಲ್‌ಗಳನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರದಲ್ಲೇ ಕಂಪೈಲ್ ಆದ ಮಾಡ್ಯೂಲಿಗೆ ನಿಮ್ಮದೇ ಕೀಲಿಯ ಸಹಿ ಇರುತ್ತದೆ, ಆ ಕೀಲಿಯ ಪರಿಚಯ ಯಂತ್ರಕ್ಕೆ ಇನ್ನೂ ಆಗಿಲ್ಲ.

ಪರಿಚಯ ಮಾಡಿಸುವುದು ಹೀಗೆ. ಉಬುಂಟುವಿನಲ್ಲಿ ‘ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ’ ಹೊಡೆದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಕನಿಷ್ಠ 8 ಅಕ್ಷರದ, ಒಮ್ಮೆ ಮಾತ್ರ ಬೇಕಾಗುವ ಪಾಸ್‌ವರ್ಡ್ ಅದು. ಬರೆದಿಟ್ಟುಕೊಂಡು ರೀಬೂಟ್ ಮಾಡಿ. ಲಿನಕ್ಸ್ ಏಳುವ ಮೊದಲು ನೀಲಿ ಪರದೆಯೊಂದು ಬಂದು ಯಾವುದಾದರೂ ಕೀ ಒತ್ತಿ ಎನ್ನುತ್ತದೆ. ಇರುವುದು 10 ಸೆಕೆಂಡ್, ಚಹಾ ತರಲು ಎದ್ದು ಹೋಗಬೇಡಿ. ಒತ್ತಿದರೆ ‘ಎನ್‌ರೋಲ್ ಎಂಒಕೆ’, ಆಮೇಲೆ ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ‘ರೀಬೂಟ್’. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ಅಲ್ಲಿ ಕೀಬೋರ್ಡ್ ಅಮೆರಿಕನ್ ವಿನ್ಯಾಸದಲ್ಲಿರುತ್ತದೆ, ಆದ್ದರಿಂದ ವಿಶೇಷ ಚಿಹ್ನೆಗಳಿಲ್ಲದ ಪಾಸ್‌ವರ್ಡ್ ಇಟ್ಟರೆ ಕ್ಷೇಮ. ನೀಲಿ ಪರದೆ ತಪ್ಪಿಹೋದರೆ ಅದೇ ಕಮಾಂಡನ್ನು ಮತ್ತೆ ಕೊಟ್ಟು ಮತ್ತೊಮ್ಮೆ ರೀಬೂಟ್ ಮಾಡಿ.

ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟನ್ನೇ ಆಫ್ ಮಾಡುವುದು ಇನ್ನೊಂದು ದಾರಿ. ವಿಂಡೋಸ್ ಕೂಡ ಇದ್ದು ಅದರ ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಆ ದಾರಿಗೆ ಹೋಗಬೇಡಿ, ಮುಂದಿನ ಸಲ ವಿಂಡೋಸ್ ತೆರೆದಾಗ 48 ಅಂಕಿಯ ರಿಕವರಿ ಕೀ ಕೇಳಿ ಕೂರಬಹುದು.

ಬ್ರಾಡ್‌ಕಾಮ್ ಸರಿಹೋದ ಮೇಲೂ ಕಾಡುವ ಮೂರು ಸಂಗತಿ

ಬಿಸಿಎಂ43142ಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ. ಮನೆಯ ರೂಟರಿನ ‘5ಜಿ’ ಎಂದು ಬಾಲವಿರುವ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಅದು ದೋಷವಲ್ಲ. ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿ ಕೂತಿದ್ದರೂ ಕೆಲವು ಕಾರ್ಡುಗಳಿಗೆ ಕಾಣುವುದಿಲ್ಲ. ಭಾರತದಲ್ಲಿ 13ರವರೆಗೆ ಬಳಸಬಹುದು, ಆದರೆ ಕಾರ್ಡಿಗೆ ತಾನು ಯಾವ ದೇಶದಲ್ಲಿದ್ದೇನೆ ಎಂಬುದು ಗೊತ್ತಿರಬೇಕಲ್ಲ. ರೂಟರನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕುವುದು ಎಲ್ಲಕ್ಕಿಂತ ಸುಲಭ.

ಎರಡನೆಯದು ಪಾಸ್‌ವರ್ಡ್. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಕೇಳುತ್ತಿದ್ದರೆ ರೂಟರ್ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನದಲ್ಲಿದೆಯೇ ನೋಡಿ. ‘ಡಬ್ಲ್ಯುಎಲ್’ ಡ್ರೈವರ್‌ಗೆ ಅದು ಬರುವುದಿಲ್ಲ. ರೂಟರಿನಲ್ಲಿ ಡಬ್ಲ್ಯುಪಿಎ2 ಆಯ್ದುಕೊಳ್ಳಬೇಕು.

ಮೂರನೆಯದು ಕರ್ನಲ್ ಅಪ್‌ಡೇಟ್. ಬೆಳಿಗ್ಗೆ ಅಪ್‌ಡೇಟ್ ಆಯಿತು, ಮಧ್ಯಾಹ್ನ ವೈಫೈ ಇಲ್ಲ. ‘ಡಿಕೆಎಂಎಸ್ ಸ್ಟೇಟಸ್’ ಹೊಡೆದರೆ ಡ್ರೈವರ್ ಯಾವ ಯಾವ ಕರ್ನಲ್‌ಗೆ ಸಿದ್ಧವಾಗಿದೆ ಎಂದು ತೋರಿಸುತ್ತದೆ. ಹೊಸ ಕರ್ನಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ರೀಬೂಟ್ ಮಾಡಿ, ಯಂತ್ರ ಏಳುವಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೆಯ ಕರ್ನಲ್ ಆರಿಸಿ. ವೈಫೈ ಮರಳುತ್ತದೆ. ಹೊಸದರಲ್ಲಿ ವೈಫೈ ಬಂದದ್ದು ಖಾತ್ರಿಯಾಗುವವರೆಗೆ ‘ಆಟೋರಿಮೂವ್’ ಕಡೆ ಹೋಗಬೇಡಿ, ಅದು ಹಳೆಯ ಕರ್ನಲ್‌ಗಳನ್ನು ಗುಡಿಸಿ ಹಾಕುತ್ತದೆ.

ಇದೇ ಡ್ರೈವರ್ ಬೇಡುವ ಇನ್ನೊಂದು ಚಿಪ್ ಬಿಸಿಎಂ4360, ಅಂದರೆ 14ಇ4:43ಎ0. 2013ರಿಂದೀಚೆಗಿನ ಹಲವು ಮ್ಯಾಕ್‌ಬುಕ್ ಏರ್‌ಗಳಲ್ಲಿ ಅದಿದೆ. ಮೇಲಿನ ಹೆಜ್ಜೆಗಳೇ ಸಾಕು. ಆದರೆ ಬಿಸಿಎಂ4313ಕ್ಕೆ, ಅಂದರೆ 14ಇ4:4727ಕ್ಕೆ, ‘ಡಬ್ಲ್ಯುಎಲ್’ ಹಾಕುವ ಅಗತ್ಯವೇ ಇಲ್ಲ. ಕರ್ನಲ್ ಒಳಗಿನ ‘ಬಿಆರ್‌ಸಿಎಂಎಸ್‌ಮ್ಯಾಕ್’ ಅದನ್ನು ನಡೆಸುತ್ತದೆ. ಯಾರೋ ಹೇಳಿದರೆಂದು ಅದಕ್ಕೂ ಹಾಕಿ ಕೆಡಿಸಿಕೊಂಡಿದ್ದರೆ ‘ರಿಮೂವ್’ ಎನ್ನದೆ ‘ಪರ್ಜ್’ ಎನ್ನಿ. ಬರೀ ರಿಮೂವ್ ಮಾಡಿದರೆ ಪ್ಯಾಕೇಜ್ ಹೋದರೂ ಅದು ಬರೆದಿಟ್ಟ ಬ್ಲಾಕ್‌ಲಿಸ್ಟ್ ಫೈಲ್ ಇಟಿಸಿಯಲ್ಲೇ ಉಳಿದು, ಸರಿಯಾದ ಡ್ರೈವರ್‌ಗೂ ಬಾಗಿಲು ಮುಚ್ಚಿರುತ್ತದೆ.

ರಿಯಲ್‌ಟೆಕ್: ಸಿಗ್ನಲ್ ಇದೆ, ಇಲ್ಲ

ಆರ್‌ಟಿಎಲ್8723ಬಿಇ, ನಂಬರು 10ಇಸಿ:ಬಿ723. ಎಚ್‌ಪಿಯ ಎಷ್ಟೋ ಸಾಧಾರಣ ಲ್ಯಾಪ್‌ಟಾಪುಗಳಲ್ಲಿ ಇದಿದೆ. ಡ್ರೈವರ್ ಇರುತ್ತದೆ, ಫರ್ಮ್‌ವೇರ್ ಇರುತ್ತದೆ, ನೆಟ್‌ವರ್ಕ್ ಹೆಸರೂ ಕಾಣುತ್ತದೆ. ರೂಟರ್ ಪಕ್ಕದಲ್ಲಿ ಕೂತರೆ ಎರಡು ಗೀಟು, ಪಕ್ಕದ ಕೋಣೆಗೆ ಹೋದರೆ ಅದೂ ಇಲ್ಲ.

ಕಾರಣ ತಮಾಷೆಯಾಗಿದೆ. ಕಾರ್ಡಿನಲ್ಲಿ ಎರಡು ಆಂಟೆನಾ ಕಿವಿಗಳಿವೆ, ತಯಾರಕರು ತಂತಿ ಜೋಡಿಸಿರುವುದು ಒಂದಕ್ಕೆ. ಯಾವುದಕ್ಕೆ ಎಂಬ ಮಾಹಿತಿ ಕಾರ್ಡಿನ ಸಣ್ಣ ಶಾಶ್ವತ ಮೆಮೊರಿಯಲ್ಲಿ ತಪ್ಪಾಗಿ ಬರೆದುಹೋಗಿದೆ. ಡ್ರೈವರ್ ಅದನ್ನು ನಂಬಿ ತಂತಿ ಇಲ್ಲದ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಿರುತ್ತದೆ!

ಮೊದಲು ಈಗಿನ ಸಿಗ್ನಲ್ ಬರೆದುಕೊಳ್ಳಿ. ‘ಎನ್‌ಎಂಸಿಎಲ್‌ಐ ಡಿವೈಸ್’ ಹೊಡೆದು ವೈಫೈ ಇಂಟರ್‌ಫೇಸಿನ ಹೆಸರು ನೋಡಿ, ಡಬ್ಲ್ಯುಎಲ್‌ಒ1 ಅಥವಾ ಡಬ್ಲ್ಯುಎಲ್‌ಪಿ2ಎಸ್0 ಥರ ಇರುತ್ತದೆ. ಆಮೇಲೆ:

ಐಡಬ್ಲ್ಯು ಡೆವ್ ಡಬ್ಲ್ಯುಎಲ್‌ಒ1 ಲಿಂಕ್

‘ಸಿಗ್ನಲ್’ ಸಾಲಿನಲ್ಲಿ ಮೈನಸ್ ಸಂಖ್ಯೆ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ರೂಟರಿಂದ ಎರಡು ಮೀಟರ್ ದೂರದಲ್ಲಿ -40ರ ಆಸುಪಾಸು ಇರಬೇಕಾದದ್ದು -75, -80 ತೋರಿಸುತ್ತಿದ್ದರೆ ಆಂಟೆನಾ ತಪ್ಪಿದೆ ಎಂದೇ ತಿಳಿಯಿರಿ. ಈಗ ಡ್ರೈವರ್ ಕಳಚಿ, ಇನ್ನೊಂದು ಕಿವಿ ತೋರಿಸಿ ಮತ್ತೆ ಹಾಕಿ (‘ಸೆಲ್’ ಅನ್ನು ಎಸ್‌ಇಎಲ್ ಎಂದು ಟೈಪ್ ಮಾಡಿ):

ಸುಡೊ ಮಾಡ್‌ಪ್ರೋಬ್ -ಆರ್ ಆರ್‌ಟಿಎಲ್8723ಬಿಇ

ಸುಡೊ ಮಾಡ್‌ಪ್ರೋಬ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2

ಅದೇ ಜಾಗದಲ್ಲಿ ಕೂತು ಸಿಗ್ನಲ್ ಮತ್ತೆ ನೋಡಿ. ಬದಲಾಗದಿದ್ದರೆ 2ರ ಬದಲು 1 ಹಾಕಿ. ಯಾವುದು ಗೆದ್ದಿತೋ ಅದನ್ನು ‘ಮಾಡ್‌ಪ್ರೋಬ್.ಡಿ’ ಫೋಲ್ಡರಿನಲ್ಲಿ ‘ಆರ್‌ಟಿಎಲ್8723ಬಿಇ.ಕಾನ್ಫ್’ ಫೈಲ್ ಮಾಡಿ ಹೀಗೆ ಬರೆಯಿರಿ:

ಆಪ್ಷನ್ಸ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2

‘ಆಪ್ಷನ್ಸ್’ ಪದದ ಕೊನೆಯ ‘ಎಸ್’ ಬಿಟ್ಟುಹೋದರೆ ಸಾಲು ಕೆಲಸ ಮಾಡುವುದಿಲ್ಲ.

ಹೊಸ ರಿಯಲ್‌ಟೆಕ್‌ಗಳ ವಿಷಯದಲ್ಲಿ ಕರ್ನಲ್ ಹೊಸದಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆರ್‌ಟಿಎಲ್8821ಸಿಇ, ಅಂದರೆ 10ಇಸಿ:ಸಿ821, 5.9ರಿಂದ; ಆರ್‌ಟಿಎಲ್8852ಎಇ 5.16ರಿಂದ, ಆರ್‌ಟಿಎಲ್8852ಬಿಇ 6.2ರಿಂದ ಕರ್ನಲ್ ಒಳಗೇ ಇದೆ. ಹಳೆಯ ಸಲಹೆ ನೋಡಿ ಇವಕ್ಕೆ ಹೊರಗಿನಿಂದ ಡಿಕೆಎಂಎಸ್ ಡ್ರೈವರ್ ತಂದು ಹಾಕಿದರೆ ಒಂದೇ ಕಾರ್ಡಿಗೆ ಇಬ್ಬರು ಯಜಮಾನರಾಗುತ್ತಾರೆ. ಒಳಗಿನದನ್ನು ಮೊದಲು ಪರೀಕ್ಷಿಸಿ, ಅದು ನಿಜಕ್ಕೂ ಸೋತರೆ ಮಾತ್ರ ಹೊರಗಿನದು.

ಸೇರಿಕೊಳ್ಳುತ್ತದೆ, ಆದರೆ ತೆವಳುತ್ತದೆ

ಪುಟ ತೆರೆಯಲು ಮೊದಲ ಕ್ಲಿಕ್‌ಗೆ ತಡ, ಆಮೇಲೆ ಸರಾಗ. ಸ್ವಲ್ಪ ಸುಮ್ಮನಿದ್ದರೆ ಮತ್ತೆ ತಡ. ಇದು ಕಾರ್ಡಿನ ವಿದ್ಯುತ್ ಉಳಿತಾಯದ ಲಕ್ಷಣ. ಉಬುಂಟುವಿನಲ್ಲಿ ಇಟಿಸಿ ಒಳಗೆ ‘ನೆಟ್‌ವರ್ಕ್‌ಮ್ಯಾನೇಜರ್’ ಫೋಲ್ಡರ್ ಇದೆ, ಅದರ ಎನ್ ಮತ್ತು ಎಂ ದೊಡ್ಡಕ್ಷರ. ಅದರೊಳಗಿನ ‘ಕಾನ್ಫ್.ಡಿ’ಯಲ್ಲಿ ‘ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್.ಕಾನ್ಫ್’ ಫೈಲ್ ತೆರೆದು 3 ಇರುವ ಕಡೆ 2 ಮಾಡಿ, ರೀಬೂಟ್ ಮಾಡಿ. 3 ಅಂದರೆ ಉಳಿತಾಯ ಇರಲಿ, 2 ಅಂದರೆ ಬೇಡ. ಬ್ಯಾಟರಿ ತುಸು ಬೇಗ ಇಳಿಯುತ್ತದೆ.

‘ಎನ್‌ಎಂಸಿಎಲ್‌ಐ ಡಿವೈಸ್’ ಪಟ್ಟಿಯಲ್ಲಿ ವೈಫೈ ಮುಂದೆ ‘ಅನ್‌ಮ್ಯಾನೇಜ್ಡ್’ ಎಂದಿದ್ದರೆ, ಮತ್ತು ನಿಮ್ಮದು ಡೆಬಿಯನ್ ಆಗಿದ್ದರೆ, ಇಟಿಸಿ ಒಳಗಿನ ‘ನೆಟ್‌ವರ್ಕ್’ ಫೋಲ್ಡರಿನ ‘ಇಂಟರ್‌ಫೇಸಸ್’ ಫೈಲ್ ನೋಡಿ. ವೈಫೈ ಮೂಲಕವೇ ಇನ್‌ಸ್ಟಾಲ್ ಮಾಡಿದ್ದರೆ ಇನ್‌ಸ್ಟಾಲರ್ ಅಲ್ಲಿ ಕಾರ್ಡಿನ ಹೆಸರು ಬರೆದಿಟ್ಟಿರಬಹುದು, ಹಾಗೆ ಬರೆದಿದ್ದನ್ನು ನೆಟ್‌ವರ್ಕ್‌ಮ್ಯಾನೇಜರ್ ಮುಟ್ಟುವುದಿಲ್ಲ. ‘ಎಲ್‌ಒ’ ಎಂದಿರುವ ಸಾಲುಗಳನ್ನು ಬಿಟ್ಟು ವೈಫೈ ಕಾರ್ಡಿನ ಸಾಲುಗಳ ಶುರುವಿಗೆ # ಹಾಕಿ ರೀಬೂಟ್ ಮಾಡಿ.

ಕಾರ್ಡನ್ನೇ ಬದಲಿಸುವುದು

ಬಿಸಿಎಂ43142 ಜೊತೆ ಪ್ರತಿ ಕರ್ನಲ್ ಅಪ್‌ಡೇಟಿಗೂ ಗುದ್ದಾಡುವುದಕ್ಕಿಂತ ಕಾರ್ಡ್ ತೆಗೆದು ಇಂಟೆಲ್‌ದು ಹಾಕುವುದು ವಾಸಿ. 2019ರಲ್ಲಿ ‘ಡಬ್ಲ್ಯುಎಲ್’ ಡ್ರೈವರ್‌ನಲ್ಲಿ ಭದ್ರತಾ ದೋಷಗಳೂ ಬೆಳಕಿಗೆ ಬಂದವು, 2015ಕ್ಕೆ ನಿಂತುಹೋದ ಸಾಫ್ಟ್‌ವೇರನ್ನು ಇನ್ನೆಷ್ಟು ದಿನ ನಂಬುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಚ್ಚಿದ ಲ್ಯಾಪ್‌ಟಾಪುಗಳ ಕಾರ್ಡುಗಳು ಸಿಗುತ್ತವೆ. ಕೊಳ್ಳುವ ಮೊದಲು ನಾಲ್ಕು ವಿಷಯ ಖಚಿತವಾಗಿರಲಿ.

ಸ್ಲಾಟಿನ ಆಕಾರ ಮೊದಲನೆಯದು. ಹಳೆಯ ಯಂತ್ರಗಳಲ್ಲಿ ಹಾಫ್ ಮಿನಿ ಪಿಸಿಐಇ, ಆಮೇಲಿನವುಗಳಲ್ಲಿ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಎಂ.2. ಮೊದಲನೆಯದಕ್ಕೆ ಇಂಟೆಲ್ 7260ಎಚ್‌ಎಂಡಬ್ಲ್ಯು, ಎರಡನೆಯದಕ್ಕೆ 7265, 8265, ಎಎಕ್ಸ್200, ಎಎಕ್ಸ್210 ಎಲ್ಲ ಆಗುತ್ತವೆ. ಎರಡನೆಯ ವಿಷಯ, ಎಎಕ್ಸ್201, ಎಎಕ್ಸ್211, 9560 ಇವನ್ನು ಕೊಳ್ಳಬೇಡಿ. ನೋಡಲು ಒಂದೇ ಥರ, ಸ್ಲಾಟಿನಲ್ಲಿ ಕೂರುತ್ತವೆ ಕೂಡ. ಆದರೆ ಅವು ಅರ್ಧ ಕಾರ್ಡುಗಳು, ಉಳಿದರ್ಧ ಇಂಟೆಲ್‌ನ ಕೆಲವು ಪ್ರೊಸೆಸರ್ ಚಿಪ್‌ಸೆಟ್‌ಗಳೊಳಗೆ ಇರುತ್ತದೆ. ಬೇರೆ ಯಂತ್ರಕ್ಕೆ ಹಾಕಿದರೆ ಸುಮ್ಮನೆ ಕೂತಿರುತ್ತವೆ.

ಮೂರನೆಯದು ಬಯೋಸ್. ಎಚ್‌ಪಿ, ಲೆನೊವೊಗಳ ಹಳೆಯ ಮಾಡೆಲ್‌ಗಳು ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲು ಒಪ್ಪುವುದಿಲ್ಲ. ಎಚ್‌ಪಿಯಲ್ಲಿ 104, ಥಿಂಕ್‌ಪ್ಯಾಡ್‌ನಲ್ಲಿ 1802 ಎಂಬ ಸಂಖ್ಯೆಯೊಂದಿಗೆ ಎರರ್ ಬರುತ್ತದೆ. ಹಳೆಯ ಕಾರ್ಡ್ ಮರಳಿ ಹಾಕಿದರೆ ಯಂತ್ರ ಮೊದಲಿನಂತಾಗುತ್ತದೆ, ದುಡ್ಡು ಮರಳಬೇಕಾದರೆ ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಂಡಿರಬೇಕು. ನಾಲ್ಕನೆಯದು ಆಂಟೆನಾ ತಂತಿಯ ತುದಿ. ಮಿನಿ ಪಿಸಿಐಇ ಕಾರ್ಡಿನ ಗುಂಡಿಗಿಂತ ಎಂ.2 ಕಾರ್ಡಿನದು ಚಿಕ್ಕದು, ಒಂದರದು ಇನ್ನೊಂದಕ್ಕೆ ಕೂರದು.

ಬಿಚ್ಚುವಾಗ ಚಾರ್ಜರ್ ತೆಗೆದು ಬ್ಯಾಟರಿಯ ಕನೆಕ್ಟರ್ ಕಳಚಿ. ತಂತಿಗಳು ಯಾವ ಗುಂಡಿಗಿದ್ದವು ಎಂದು ಫೋಟೊ ಹೊಡೆದಿಟ್ಟುಕೊಳ್ಳಿ. ಅವನ್ನು ಎಳೆಯಬಾರದು, ಉಗುರನ್ನು ತಲೆಯ ಕೆಳಗೆ ತೂರಿಸಿ ನೇರ ಮೇಲಕ್ಕೆ ಎತ್ತಬೇಕು. ಕೂರಿಸುವಾಗ ಗುಂಡಿಯ ಮೇಲೆ ಸರಿಯಾಗಿ ಇಟ್ಟು ಬೆರಳ ತುದಿಯಿಂದ ಒತ್ತಿ, ಸಣ್ಣಗೆ ‘ಟಕ್’ ಎನ್ನುತ್ತದೆ. ಓರೆಯಾಗಿ ಒತ್ತಿದರೆ ಗುಂಡಿಯ ನಡುವಿನ ಮೊಳೆ ಮುರಿಯುತ್ತದೆ, ಕಾರ್ಡ್ ಕಸದ ಬುಟ್ಟಿಗೆ.

ಬಿಚ್ಚಲು ಧೈರ್ಯವಿಲ್ಲದಿದ್ದರೆ ಯುಎಸ್‌ಬಿ ಡಾಂಗಲ್. ಎಂಟಿ7601ಯು, ಎಂಟಿ7610ಯು, ಎಂಟಿ7612ಯು ಅಥವಾ ಎಆರ್9271 ಚಿಪ್ ಇರುವುದನ್ನು ಕೇಳಿ ಪಡೆಯಿರಿ. ಇವುಗಳ ಡ್ರೈವರ್ ಕರ್ನಲ್ ಒಳಗಿದೆ. ಡಬ್ಬದ ಮೇಲೆ ಚಿಪ್ ಹೆಸರು ಇಲ್ಲದಿದ್ದರೆ ಚುಚ್ಚಿ ‘ಎಲ್‌ಎಸ್‌ಯುಎಸ್‌ಬಿ’ ಹೊಡೆದು ನೋಡಬೇಕು. 0ಬಿಡಿಎ:1ಎ2ಬಿ ಎಂದು ಬಂದು ಡೆಸ್ಕ್‌ಟಾಪ್ ಮೇಲೆ ಸಿಡಿಯ ಚಿತ್ರ ಮೂಡಿದರೆ, ಡಾಂಗಲ್ ತನ್ನ ವಿಂಡೋಸ್ ಡ್ರೈವರ್ ಇರುವ ಸಿಡಿಯ ವೇಷದಲ್ಲಿದೆ. ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜ್ ಹಾಕಿ, ಅಥವಾ ಆ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ‘ಇಜೆಕ್ಟ್’ ಎನ್ನಿ. ವೇಷ ಕಳಚಿದ ಮೇಲೆ ಮತ್ತೊಮ್ಮೆ ‘ಎಲ್‌ಎಸ್‌ಯುಎಸ್‌ಬಿ’ ಹೊಡೆದರೆ ಅದರ ನಿಜವಾದ ನಂಬರು ಸಿಗುತ್ತದೆ.